ಸಹೋದ್ಯೋಗಿಯ ಮೇಲೆ ದೂರು: ಹದಿನೇಳು ವರ್ಷ ನಡೆದ ಒಂದು ಮೊಕದ್ದಮೆ ಮತ್ತು ನಂತರದ ಕಾನೂನು

1988ರ ಜುಲೈ 18ರ ರಾತ್ರಿ, ಚಂಡೀಗಢದ ಹಿರಿಯ ಅಧಿಕಾರಿಯೊಬ್ಬರ ಮನೆಯಲ್ಲಿ ಔತಣಕೂಟ. ಪಂಜಾಬ್ ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್, ಐಎಎಸ್ ಅಧಿಕಾರಿ ರೂಪನ್ ದೇವಲ್ ಬಜಾಜ್ ಅವರ ಕುರ್ಚಿಗೆ ಅಡ್ಡ ನಿಂತರು. ಆಕೆ ಕುರ್ಚಿ ಹಿಂದೆ ಸರಿಸಿ ಹೊರಡುವಾಗ ಅತಿಥಿಗಳೆಲ್ಲರ ಎದುರೇ ಅವರ ಹಿಂಬದಿಗೆ ಹೊಡೆದರು.

ಹನ್ನೊಂದು ದಿನಗಳ ಬಳಿಕ ಬಜಾಜ್ ಪೊಲೀಸರಿಗೆ ದೂರು ಕೊಟ್ಟರು. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆಂದು ಕಾನೂನೇ ಇರದ ಕಾಲವದು. ಕೈಗೆ ಸಿಕ್ಕಿದ್ದು 1860ರ ದಂಡ ಸಂಹಿತೆಯ ಕಲಮುಗಳು, ಮುಖ್ಯವಾಗಿ ಹೆಣ್ಣಿನ ಮಾನಕ್ಕೆ ಧಕ್ಕೆ ತರುವುದನ್ನು ಅಪರಾಧವೆನ್ನುವ 354 ಮತ್ತು 509. ದೂರುವಷ್ಟು ದೊಡ್ಡ ಹಾನಿ ಇದಲ್ಲ ಎಂಬ ಕಾರಣವನ್ನೂ ಕೊಟ್ಟು ಹೈಕೋರ್ಟ್ 1989ರಲ್ಲಿ ಪ್ರಕರಣವನ್ನು ರದ್ದುಪಡಿಸಿತು. ಆ ಮಾತು ಇಂದಿಗೂ ಕಚೇರಿಗಳಲ್ಲಿ ಕೇಳಿಬರುತ್ತದೆ, ಅದಕ್ಕೇ ಅದು ನೋಯಿಸುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. 1996ರಲ್ಲಿ ಗಿಲ್ ಅಪರಾಧಿಯೆಂದು ತೀರ್ಪಾಯಿತು, 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಐಎಎಸ್ ಅಧಿಕಾರಿಗೇ ಹದಿನೇಳು ವರ್ಷ ಹಿಡಿಯಿತೆಂದರೆ ಗುಮಾಸ್ತೆಯ ಪಾಡೇನು?

ಈ ನಡುವೆ ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಸರ್ಕಾರಿ ಯೋಜನೆಯ ಕಾರ್ಯಕರ್ತೆ ಭಂವರಿ ದೇವಿ 1992ರಲ್ಲಿ ಅತ್ಯಾಚಾರಕ್ಕೀಡಾದರು. ಅದರ ಬೆನ್ನಿಗೆ ಮಹಿಳಾ ಸಂಘಟನೆಗಳು ಹೂಡಿದ ಅರ್ಜಿಯಿಂದ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ಬಂತು. ಕೆಲಸದ ಜಾಗದಲ್ಲಿ ಹೆಣ್ಣಿನ ಸುರಕ್ಷತೆಗೆ ಉದ್ಯೋಗದಾತನೇ ಹೊಣೆ ಎಂದು ಅದು ಸಾರಿತು. ಕಾಯ್ದೆ ಬರಲು ಮತ್ತೆ ಹದಿನಾರು ವರ್ಷ ಬೇಕಾದವು.

ಕೆಲಸದ ಜಾಗದಲ್ಲಿ ಹೆಣ್ಣಿನ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೊಣೆಯನ್ನು ಸಂಸ್ಥೆಯ ಹೆಗಲಿಗೆ ಹಾಕಿದರೂ ತಪ್ಪಿತಸ್ಥನನ್ನು ಮರೆಯಲಿಲ್ಲ. ದೂರು ವಿಚಾರಿಸಲು ಸಂಸ್ಥೆಯೊಳಗೇ ರಚಿಸುವ ಆಂತರಿಕ ಸಮಿತಿಯ ಮುಂದೆ ಪ್ರತಿವಾದಿ ಸಂಸ್ಥೆಯಲ್ಲ, ಆ ವ್ಯಕ್ತಿಯೇ. ಆರೋಪ ಸಾಬೀತಾದರೆ ಪರಿಹಾರವನ್ನು ಅವನ ಸಂಬಳದಿಂದಲೇ ಮುರಿದುಕೊಳ್ಳಬಹುದು. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ, ಅಥವಾ ದೂರು ಮಾಲೀಕನ ಮೇಲೇ ಇದ್ದಾಗ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು.

ನನಗೆ ಒಪ್ಪಿಗೆಯಾಗದ್ದು ಗಡುವು. ಘಟನೆಯಾದ ಮೂರು ತಿಂಗಳೊಳಗೆ ದೂರು ಬರೆದು ಕೊಡಬೇಕು. ಸಮಿತಿ ಒಪ್ಪಿದರೆ ಇನ್ನೂ ಮೂರು ತಿಂಗಳು. ಕೆಲಸ ಹೋದೀತು, ಮನೆಯಲ್ಲಿ ಗೊತ್ತಾದೀತು ಎಂದು ತಳಮಳಿಸುವವಳಿಗೆ ಆ ದಿನಗಳು ಯಾವ ಮೂಲೆಗೂ ಸಾಲವು. ಪೊಲೀಸ್ ದೂರಿಗೆ ಈ ಮೂರು ತಿಂಗಳ ಕಟ್ಟಿಲ್ಲ. ಲೈಂಗಿಕ ಕಿರುಕುಳವನ್ನು ಅಪರಾಧವೆನ್ನುವ, 2013ರಲ್ಲೇ ದಂಡ ಸಂಹಿತೆಗೆ ಸೇರಿದ 354ಎ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಾಗಿದೆ. ಆಕೆ ಬಯಸಿದರೆ ಆ ದೂರು ದಾಖಲಿಸಲು ನೆರವಾಗುವುದೂ ಉದ್ಯೋಗದಾತನ ಕರ್ತವ್ಯವೆಂದು ಕಾಯ್ದೆಯಲ್ಲೇ ಬರೆದಿದೆ.