ಒಡವೆಯ ಬೆಸುಗೆ, ಮೊಬೈಲಿನ ಬೆಸುಗೆ

ಕೋಲಾರದ ಚಿನ್ನದಂಗಡಿಯೊಂದರಲ್ಲಿ ಅಮ್ಮ ತಮ್ಮ ಹಳೆಯ ಸರವನ್ನು ಬಿಚ್ಚಿಟ್ಟಾಗ ಅಂಗಡಿಯವರು ಒರೆಗಲ್ಲಿಗೆ ಕೈ ಹಾಕಲಿಲ್ಲ. ಸರವನ್ನು ಪುಟ್ಟ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಪರದೆಯ ಮೇಲೆ ಚಿನ್ನ, ಬೆಳ್ಳಿ, ತಾಮ್ರದ ಶೇಕಡಾವಾರು ಲೆಕ್ಕ ಮೂಡಿತು. ಕೊಂಡಿಯ ಭಾಗವನ್ನು ಬೇರೆಯಾಗಿ ಇಟ್ಟು ನೋಡಿದವರು, "ಇದು ಕೆಡಿಎಂ ಒಡವೆ ಅಮ್ಮಾ, ಬೆಸುಗೆಯಲ್ಲಿ ಕ್ಯಾಡ್ಮಿಯಂ ಇದೆ" ಎಂದರು.

ಕೆಡಿಎಂ ಎಂದರೆ ಅಪ್ಪಟ ಚಿನ್ನ ಎಂದೇ ನಮ್ಮ ಮನೆಗಳಲ್ಲಿ ಬಹುಕಾಲ ನಂಬಿದ್ದೆವು. ಬೆಸುಗೆಯ ಚಿನ್ನಕ್ಕೆ ತುಸು ಕ್ಯಾಡ್ಮಿಯಂ ಸೇರಿಸಿದರೆ ಅದು ಬೇಗ ಕರಗುತ್ತದೆ, ಒಡವೆಯ ಕ್ಯಾರೆಟ್ಟೂ ಇಳಿಯುವುದಿಲ್ಲ. ಆದರೆ ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕ್ಯಾಡ್ಮಿಯಂ ಸುಮಾರು 767 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಆ ಆವಿ ಊದುಗೊಳವೆ ಹಿಡಿದು ಕುಳಿತ ಅಕ್ಕಸಾಲಿಗರ ಶ್ವಾಸಕೋಶಕ್ಕೆ ಇಳಿಯುತ್ತದೆ, ಅಲ್ಲಿಂದ ಮೂತ್ರಪಿಂಡ ಸೇರಿ ದಶಕಗಳ ಕಾಲ ಉಳಿಯುತ್ತದೆ. ತೊಟ್ಟವರಿಗಿಂತ ಮಾಡಿದವರಿಗೇ ಹೆಚ್ಚು ಕೇಡು ತಂದ ಲೋಹ ಅದು.

ಕ್ಷ-ಕಿರಣದಿಂದ ಧಾತುಗಳನ್ನು ಗುರುತಿಸುವ ಅದೇ ಬಗೆಯ ಪೆಟ್ಟಿಗೆಗೆ ಎಲೆಕ್ಟ್ರಾನಿಕ್ಸ್ ಉದ್ಯಮದಲ್ಲಿ ಇನ್ನೊಂದು ಕೆಲಸವಿದೆ. ನಮ್ಮ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಈಗ ಮೊಬೈಲ್ ಫೋನುಗಳ ಜೋಡಣೆಯಾಗುತ್ತದೆ. ಇಂಥ ಉದ್ಯಮದಲ್ಲಿ ತಿರುಪು, ತಂತಿ, ಬೆಸುಗೆ, ಪ್ಲಾಸ್ಟಿಕ್ ತುಣುಕುಗಳನ್ನು ಆ ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸುತ್ತಾರೆ. ಚಿನ್ನದಂಗಡಿಯವರು ಇರಬೇಕಾದದ್ದು ಎಷ್ಟಿದೆ ಎಂದು ಹುಡುಕಿದರೆ, ಇವರು ಇರಬಾರದ್ದು ಎಷ್ಟಿದೆ ಎಂದು ಹುಡುಕುತ್ತಾರೆ. ಸೀಸ, ಪಾದರಸ, ಕ್ಯಾಡ್ಮಿಯಂ, ಆರು ವೇಲೆನ್ಸಿಯ ಕ್ರೋಮಿಯಂ, ಬೆಂಕಿ ತಡೆಯಲು ಪ್ಲಾಸ್ಟಿಕ್ಕಿಗೆ ಬೆರೆಸುವ ಎರಡು ಬಗೆಯ ಬ್ರೋಮಿನ್ ಸಂಯುಕ್ತಗಳು: ಇವಿಷ್ಟನ್ನೂ ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ನಿರ್ಬಂಧಿಸಿತು. ಕ್ಯಾಡ್ಮಿಯಂಗೆ ಶೇ 0.01, ಉಳಿದವಕ್ಕೆ ಶೇ 0.1 ಮಿತಿ. ಭಾರತದ ಇ-ತ್ಯಾಜ್ಯ ನಿಯಮಗಳಲ್ಲೂ ಇವೇ ಆರು ವಸ್ತುಗಳಿಗೆ ಇದೇ ಮಿತಿ ಇದೆ.

ಪೆಟ್ಟಿಗೆಯೊಳಗೆ ನಡೆಯುವುದು ಇಷ್ಟು. ಕ್ಷ-ಕಿರಣ ಬಡಿದಾಗ ಪರಮಾಣುವಿನ ಒಳಗಿನ ಕಕ್ಷೆಯ ಎಲೆಕ್ಟ್ರಾನೊಂದು ಹಾರಿಹೋಗುತ್ತದೆ. ಆ ಖಾಲಿ ಜಾಗಕ್ಕೆ ಹೊರಗಿನ ಕಕ್ಷೆಯಿಂದ ಇನ್ನೊಂದು ಜಾರುತ್ತದೆ, ಜಾರುವಾಗ ತನ್ನ ಹೆಚ್ಚುವರಿ ಶಕ್ತಿಯನ್ನು ಕ್ಷ-ಕಿರಣವಾಗಿ ಹೊರಬಿಡುತ್ತದೆ. ಆ ಶಕ್ತಿ ಒಂದೊಂದು ಧಾತುವಿಗೆ ಒಂದೊಂದು. ಇದರ ಲೆಕ್ಕವನ್ನು 1913ರಲ್ಲಿ ಕಂಡುಕೊಟ್ಟವನು ಇಂಗ್ಲೆಂಡಿನ ಭೌತವಿಜ್ಞಾನಿ ಹೆನ್ರಿ ಮೋಸ್ಲಿ. ಎರಡು ವರ್ಷಗಳ ನಂತರ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಮೊದಲ ಮಹಾಯುದ್ಧದ ಗಲಿಪೊಲಿ ಕಾಳಗದಲ್ಲಿ ಗುಂಡಿಗೆ ಬಲಿಯಾದ.

ಈ ಪರೀಕ್ಷೆಯ ಜೀವಾಳ ಯಂತ್ರದಲ್ಲಿಲ್ಲ, ಯಾವುದನ್ನು ಅದರೊಳಗೆ ಇಡಬೇಕು ಎಂಬ ನಿಯಮದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಹಳ್ಳಿಗಳ ಹಾಲಿನ ಡೇರಿಯನ್ನು ನೆನೆಯಿರಿ. ಎಲ್ಲರ ಹಾಲನ್ನೂ ಕ್ಯಾನಿಗೆ ಸುರಿದ ಮೇಲೆ ಅಳೆದರೆ ಯಾರು ನೀರು ಬೆರೆಸಿದರೆಂದು ತಿಳಿಯುವುದಿಲ್ಲ. ಆದ್ದರಿಂದ ಸುರಿಯುವ ಮುನ್ನ ಒಬ್ಬೊಬ್ಬರ ಹಾಲನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ಇಲ್ಲಿಯೂ ಹಾಗೆಯೇ. 200 ಗ್ರಾಂ ತೂಕದ ಒಂದು ಸಾಧನದಲ್ಲಿ ಅರ್ಧ ಗ್ರಾಂ ಹಳೆಯ ಬಗೆಯ ಬೆಸುಗೆ ಇದೆ ಎನ್ನೋಣ. ಆ ಬೆಸುಗೆಯಲ್ಲಿ ತವರ ಶೇ 63, ಸೀಸ ಶೇ 37. ಇಡೀ ಸಾಧನದ ತೂಕಕ್ಕೆ ಹಂಚಿದರೆ ಸೀಸ ಶೇ 0.0925 ಮಾತ್ರ, ಮಿತಿಯೊಳಗೇ ಬಂತು! ಬೆಸುಗೆಯನ್ನಷ್ಟೇ ಅಳೆದರೆ ಮಿತಿಯ 370 ಪಟ್ಟು. ನಿಯಮ ಕೇಳುವುದು ಈ ಎರಡನೆಯ ಲೆಕ್ಕವನ್ನು. ಕೈಯಿಂದ, ಸಲಕರಣೆಯಿಂದ ಇನ್ನು ಬಿಡಿಸಲಾಗದಂಥ ಪ್ರತಿಯೊಂದು ಏಕರೂಪದ ವಸ್ತುವೂ ತಾನೇ ಪಾಸಾಗಬೇಕು: ತಂತಿಯ ತಾಮ್ರ ಬೇರೆ, ಹೊದಿಕೆ ಬೇರೆ, ತಿರುಪು ಬೇರೆ, ಅದರ ಮೇಲಿನ ಲೇಪ ಬೇರೆ.

2001ರ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಅಧಿಕಾರಿಗಳು ಸೋನಿ ಕಂಪನಿಯ ಸುಮಾರು 13 ಲಕ್ಷ ಆಟದ ಯಂತ್ರಗಳನ್ನು ತಡೆಹಿಡಿದದ್ದು ತಂತಿಗಳಲ್ಲಿದ್ದ ಕ್ಯಾಡ್ಮಿಯಂಗಾಗಿ. ಬಿಡಿಭಾಗ ಪೂರೈಸುವವರ ಮಾತನ್ನಷ್ಟೇ ನಂಬಿ ಕೂರಬಾರದೆಂದು ಉದ್ಯಮ ಕಲಿತದ್ದು ಹೀಗೆ.

ಯಂತ್ರಕ್ಕೂ ಕಾಣದವು ಇವೆ. ಸೀಸದ ಒಂದು ಮುಖ್ಯ ಗೆರೆ, ಅಂದರೆ ಅದು ಹೊರಬಿಡುವ ಕ್ಷ-ಕಿರಣದ ಗುರುತಿನ ಶಕ್ತಿ, 10.55 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಬಂದರೆ ಆರ್ಸೆನಿಕ್‌ನದು 10.54ರಲ್ಲಿ. ಅಲ್ಲಿ ಮೋಸಹೋಗದಿರಲು ಸೀಸದ ಇನ್ನೊಂದು ಗೆರೆಯನ್ನು, 12.6ರ ಆಸುಪಾಸಿನದನ್ನು, ನೋಡಬೇಕು. ಹಳದಿ ಹೊಳಪಿನ ತಿರುಪಿನಲ್ಲಿ ಕ್ರೋಮಿಯಂ ಇದೆ ಎನ್ನಬಲ್ಲ ಯಂತ್ರಕ್ಕೆ, ಅದು ಅಷ್ಟಾಗಿ ಕೆಡುಕಿಲ್ಲದ ಮೂರು ವೇಲೆನ್ಸಿಯದೋ ಕ್ಯಾನ್ಸರ್ ತರುವ ಆರು ವೇಲೆನ್ಸಿಯದೋ ತಿಳಿಯದು. ಆಗ ತಿರುಪನ್ನು ನೀರಿನಲ್ಲಿ ಕುದಿಸಿ, ಆ ನೀರಿಗೆ ಡೈಫಿನೈಲ್ ಕಾರ್ಬಜೈಡ್ ಎಂಬ ರಾಸಾಯನಿಕವನ್ನು ಹಾಕುತ್ತಾರೆ. ನೇರಳೆಗೆಂಪು ಬಣ್ಣ ಬಂದರೆ ಆರು ವೇಲೆನ್ಸಿಯ ಕ್ರೋಮಿಯಂ ಇದೆಯೆಂದು ಅರ್ಥ. ಬ್ರೋಮಿನ್ನಿನದೂ ಇದೇ ತೊಡಕು. ನಿರ್ಬಂಧವಿಲ್ಲದ ಬ್ರೋಮಿನ್ ಸಂಯುಕ್ತ ಸರ್ಕ್ಯೂಟ್ ಬೋರ್ಡುಗಳಲ್ಲಿ ಸಾಮಾನ್ಯ. ಯಾವುದು ಯಾವುದೆಂದು ಬಿಡಿಸಲು ಗ್ಯಾಸ್ ಕ್ರೊಮೆಟೋಗ್ರಫಿ ಎಂಬ, ಸಂಯುಕ್ತಗಳನ್ನು ಬೇರ್ಪಡಿಸುವ ವಿಧಾನ ಬೇಕು. 2019ರಿಂದ ಐರೋಪ್ಯ ನಿರ್ಬಂಧಕ್ಕೆ ಒಳಪಟ್ಟ ನಾಲ್ಕು ಥ್ಯಾಲೇಟುಗಳು, ಅಂದರೆ ತಂತಿಯ ಹೊದಿಕೆಯನ್ನು ಮೆತ್ತಗಾಗಿಸುವ ವಸ್ತುಗಳು, ಬರೀ ಇಂಗಾಲ, ಜಲಜನಕ, ಆಮ್ಲಜನಕದಿಂದಾದವು. ಅವು ಈ ಪೆಟ್ಟಿಗೆಗೆ ಕಾಣುವುದೇ ಇಲ್ಲ.

ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ನಾನು ಗುಜರಿ ಅಂಗಡಿಯ ಹಿಂಭಾಗವನ್ನು ತೋರಿಸುತ್ತೇನೆ. ಕಿಸೆಯಲ್ಲಿರುವ ಮೊಬೈಲ್ ನಮಗೆ ಸೀಸ ಉಣಿಸುವುದಿಲ್ಲ. ತಾಮ್ರಕ್ಕಾಗಿ ತಂತಿಯ ರಾಶಿಗೆ ಬೆಂಕಿ ಹಚ್ಚಿದಾಗ, ಬೋರ್ಡನ್ನು ಕಾಯಿಸಿ ಬಿಡಿಭಾಗ ಕಿತ್ತಾಗ ಏಳುವ ಹೊಗೆ ಅಲ್ಲಿ ದುಡಿಯುವವರ ಉಸಿರಿಗೆ ಸೇರುತ್ತದೆ. ಮಣ್ಣಿಗಿಳಿದ ಸೀಸ ಎಲೆಯಂತೆ ಕೊಳೆತು ಹೋಗುವುದಿಲ್ಲ. ಮೈಗೆ ಹೊಕ್ಕರೆ ಅದು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಅಕ್ಕಸಾಲಿಗರಿಗೆ ಒದಗಿದ ಕಷ್ಟವೇ ಇಲ್ಲಿ ಇನ್ನೊಬ್ಬ ಬಡವನ ಪಾಲಾಗುತ್ತದೆ.

ಮಾರುಕಟ್ಟೆಯಿಂದ ಸರಕನ್ನು ಆರಿಸಿ ತಂದು ಪರೀಕ್ಷಿಸುವ ಹೊಣೆಯನ್ನು ನಮ್ಮ ನಿಯಮಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟಿವೆ. ಅದರ ವೆಚ್ಚ ಉತ್ಪಾದಕರದು. ಆ ಮಾದರಿಗಳು ದೊಡ್ಡ ಮಳಿಗೆಗಳಿಂದಷ್ಟೇ ಅಲ್ಲ, ಕೋಲಾರ ಬಸ್ ನಿಲ್ದಾಣದ ಎದುರು ಹೆಸರಿಲ್ಲದ ಚಾರ್ಜರುಗಳನ್ನು ಹರಡಿಕೊಂಡು ಮಾರುವ ತಳ್ಳುಗಾಡಿಗಳಿಂದಲೂ ಹೋಗಲಿ ಎಂಬುದು ನನ್ನ ಒತ್ತಾಯ.