ಆಟಗಾರನನ್ನೂ ಕೊಟ್ಟು, ಮೇಲೆ ಡ್ರಾಫ್ಟ್ ಪಿಕ್ಕನ್ನೂ ಕೊಡುವುದು ಯಾಕೆ?

ಓದುಗರ ಪ್ರಶ್ನೆ: "ಕೆನಡಾಕ್ಕೆ ಬಂದು ನಾಲ್ಕು ವರ್ಷ ಆಯಿತು. ಮಗನಿಗೆ ಐಸ್ ಹಾಕಿ ಹುಚ್ಚು. ಅವನೂ ಅವನ ಸ್ನೇಹಿತರೂ ಸೇರಿದರೆ ಸಾಕು, ಇವನನ್ನು ಕೊಟ್ಟು ಅವನನ್ನು ತಗೋಬೇಕು ಅಂತ ಟ್ರೇಡ್ ಜಗಳ ಶುರು. ನನಗೆ ಅರ್ಥವಾಗದ್ದು ಒಂದೇ. ಒಳ್ಳೆ ಆಟಗಾರನನ್ನು ಬೇರೆ ಟೀಮಿಗೆ ಕೊಟ್ಟು, ಅದರ ಮೇಲೆ ಫಸ್ಟ್ ರೌಂಡ್ ಪಿಕ್ಕನ್ನೂ ಕೊಡುತ್ತಾರಂತೆ. ವಾಪಸ್ ಏನೂ ಬರಲ್ವಂತೆ. ಇದೆಂಥಾ ವ್ಯಾಪಾರ?"

ಈ ವ್ಯಾಪಾರವನ್ನು ನಾನೇ ಒಮ್ಮೆ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಮಾಡಿದ್ದೇನೆ. ಒಂದು ಬ್ಯಾಗಿಗೆ 23 ಕಿಲೋ ಮಿತಿ. ನಮ್ಮದು 26 ಬಂತು. ಕೌಂಟರಿನ ಪಕ್ಕ ನೆಲದ ಮೇಲೆ ಕೂತು ಬ್ಯಾಗ್ ಬಿಚ್ಚಿದರೆ ಕಣ್ಣಿಗೆ ಬಿದ್ದದ್ದು ಹಳೇ ಮಿಕ್ಸಿ. ಕೆಟ್ಟಿರಲಿಲ್ಲ. ಆದರೆ ಒಬ್ಬಟ್ಟಿನ ಡಬ್ಬಿ, ಅಮ್ಮ ಕೊಟ್ಟ ಸಾರಿನ ಪುಡಿ ಎಲ್ಲಾ ಉಳಿಯಬೇಕಾದರೆ ಅದು ಹೋಗಲೇಬೇಕಿತ್ತು. ಅದೇ ಸಾಲಿನಲ್ಲಿ ನಮಗೆ ಗೊತ್ತಿದ್ದ ಅಕ್ಕ ಒಬ್ಬರಿದ್ದರು, ಅವರ ಬ್ಯಾಗ್ ಅರ್ಧ ಖಾಲಿ. "ಅಕ್ಕಾ, ಈ ಮಿಕ್ಸಿ ನೀವೇ ಇಟ್ಕೊಂಡುಬಿಡಿ" ಅಂದೆ. ಅವರು ಸ್ವಲ್ಪ ಯೋಚಿಸಿದರು. ನಾನು ಕಾಲು ಕಿಲೋ ಮೈಸೂರ್ ಪಾಕ್ ಪೊಟ್ಟಣವನ್ನೂ ಕೈಗಿಟ್ಟೆ. ಒಪ್ಪಿದರು.

ಮಿಕ್ಸಿಯೂ ಹೋಯಿತು, ಮೈಸೂರ್ ಪಾಕೂ ಹೋಯಿತು. ನನಗೆ ಸಿಕ್ಕಿದ್ದು ಜಾಗ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆ 23 ಕಿಲೋಗೆ ಸ್ಯಾಲರಿ ಕ್ಯಾಪ್ ಅಂತ ಹೆಸರು, ಅಂದರೆ ಒಂದು ಟೀಮಿನ ಒಟ್ಟು ಸಂಬಳದ ಮಿತಿ. ಆ ಮೈಸೂರ್ ಪಾಕೇ ಫಸ್ಟ್ ರೌಂಡ್ ಪಿಕ್, ಹೊಸ ಹುಡುಗರನ್ನು ಆರಿಸುವಾಗ ಮೊದಲ ಸುತ್ತಿನ ಸರದಿ.

2004-05ರಲ್ಲಿ ಮಾಲೀಕರು ಮತ್ತು ಆಟಗಾರರ ಸಂಘದ ಜಗಳದಿಂದ ಎನ್‌ಎಚ್‌ಎಲ್ ಸೀಸನ್ ಪೂರ್ತಿ ರದ್ದಾಯಿತು. ಆ ಜಗಳದ ಫಲವಾಗಿ ಬಂದದ್ದೇ ಕ್ಯಾಪ್. ಮೊದಲ ವರ್ಷ ಟೀಮಿಗೆ 3.9 ಕೋಟಿ ಡಾಲರ್ ಮಿತಿ ಇತ್ತು, 2025-26ಕ್ಕೆ ಅದು 9.55 ಕೋಟಿ. ಮಾಲೀಕ ಎಷ್ಟೇ ದುಡ್ಡಿರುವ ಕುಳ ಆಗಿರಲಿ, ದಂಡ ಕಟ್ಟಿ ಮಿತಿ ದಾಟುವ ದಾರಿ ಇಲ್ಲ. ಪ್ರತಿ ಆಟಗಾರನ ಒಟ್ಟು ಕಾಂಟ್ರಾಕ್ಟನ್ನು ವರ್ಷಗಳಿಂದ ಭಾಗಿಸಿದರೆ ಬರುವ ಸರಾಸರಿಯೇ ಅವನ ತೂಕ, ಅದಕ್ಕೆ ಕ್ಯಾಪ್ ಹಿಟ್ ಅನ್ನುತ್ತಾರೆ. ಆಟ ಕೆಟ್ಟಿತು ಅಂತ ಮಧ್ಯದಲ್ಲಿ ಅದನ್ನು ಇಳಿಸಲಾಗುವುದಿಲ್ಲ.

ಹಾಗಾದರೆ ಮಿಕ್ಸಿಯನ್ನು ಕಸದ ಬುಟ್ಟಿಗೆ ಹಾಕಿದರಾಯಿತಲ್ವಾ? ಅದಕ್ಕೂ ದಾರಿ ಇದೆ, ಬೈಔಟ್ ಅಂತ. ಆದರೆ ಬಿಸಾಡಿದ ಮೇಲೂ ತೂಕದ ಒಂದು ಪಾಲು ನಿಮ್ಮ ಬ್ಯಾಗಲ್ಲೇ ಉಳಿಯುತ್ತದೆ, ಅದೂ ಉಳಿದ ಕಾಂಟ್ರಾಕ್ಟಿನ ದುಪ್ಪಟ್ಟು ವರ್ಷ. ಅದಕ್ಕೇ ಜನ ಖಾಲಿ ಬ್ಯಾಗಿರುವ ಅಕ್ಕನನ್ನು ಹುಡುಕುವುದು.

ಡ್ರಾಫ್ಟ್ ಪಿಕ್ ಅಂದರೆ ಹೊಸ ಹುಡುಗರನ್ನು ಆರಿಸುವ ಸರದಿ. ಒಬ್ಬ ಹುಡುಗನನ್ನು ಹರಾಜಿನಲ್ಲಿ ಕೂಗುವುದಲ್ಲ, ಸರದಿ ಬಂದಾಗ ಹೆಸರು ಹೇಳುವುದು. 32 ಟೀಮು, 7 ಸುತ್ತು. ಹೋದ ಸೀಸನ್‌ನಲ್ಲಿ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿಗಳು, ತೀರಾ ಮೇಲಿನವಕ್ಕೆ ಲಾಟರಿ. ಈ ಸರದಿಯನ್ನು ವರ್ಷಗಳ ಮೊದಲೇ ಬೇರೆಯವರಿಗೆ ಮಾರಬಹುದು. ಯಾರು ಬರುತ್ತಾನೆ ಅಂತಲೇ ಗೊತ್ತಿಲ್ಲದ ಸರದಿಗೆ ಬೆಲೆ ಕಟ್ಟುವುದರಲ್ಲೇ ಇರುವುದು ಜಗಳದ ಮಜಾ.

ಈಗ ನಿಜವಾಗಿ ನಡೆದದ್ದು ನೋಡೋಣ. 2022ರ ಆಗಸ್ಟ್. ಕ್ಯಾಲ್ಗರಿ ಫ್ಲೇಮ್ಸ್ ತಂಡಕ್ಕೆ ನಾಜೆಮ್ ಕಾದ್ರಿ ಬೇಕು. ಅವನು ಆಗ ತಾನೇ ಕೊಲರಾಡೊ ಜೊತೆ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಗೆದ್ದಿದ್ದ. ಬೆಲೆ ವರ್ಷಕ್ಕೆ 70 ಲಕ್ಷ ಡಾಲರ್, 7 ವರ್ಷ. ಜಾಗ ಇಲ್ಲ. ಇದ್ದ ಮಿಕ್ಸಿ ಶಾನ್ ಮೊನಹನ್, 63.75 ಲಕ್ಷದ ಕ್ಯಾಪ್ ಹಿಟ್, ಇನ್ನೊಂದು ವರ್ಷ ಬಾಕಿ. 2013ರಲ್ಲಿ ಕ್ಯಾಲ್ಗರಿಯೇ 6ನೇ ಸರದಿಯಲ್ಲಿ ಆರಿಸಿದ್ದ ಹುಡುಗ, ಒಂದು ಕಾಲದ ಕಣ್ಮಣಿ. ಸೊಂಟದ ಆಪರೇಷನ್‌ಗಳಾದ ಮೇಲೆ ಆಟ ಕುಂದಿತ್ತು. ಕ್ಯಾಲ್ಗರಿ ಅವನನ್ನೂ ಒಂದು ಫಸ್ಟ್ ರೌಂಡ್ ಪಿಕ್ಕನ್ನೂ ಮಾಂಟ್ರಿಯಲ್‌ಗೆ ಕೊಟ್ಟಿತು. ಕಾಗದದ ಮೇಲೆ ವಾಪಸ್ ಬಂದದ್ದು "ಮುಂದೆ ನೋಡಿಕೊಳ್ಳೋಣ" ಅನ್ನುವಂಥ ಒಂದು ಸಾಲು. ಅದೇ ದಿನ ಕಾದ್ರಿ ಸಹಿ ಹಾಕಿದ.

ನಿಮ್ಮ ಮಗ ಇದನ್ನು "ಮೊನಹನ್ ಕೊಟ್ಟು ಏನೂ ತಗೊಳ್ಳಲಿಲ್ಲ" ಅಂತ ಲೆಕ್ಕ ಹಾಕಿದರೆ ತಪ್ಪು. ಕ್ಯಾಲ್ಗರಿ ಲೆಕ್ಕದಲ್ಲಿ ಅದು ಮೊನಹನ್ ಮತ್ತು ಪಿಕ್ ಕೊಟ್ಟು ಕಾದ್ರಿಯನ್ನು ತಗೊಂಡದ್ದು.

ನಮ್ಮ ಕಡೆಯೂ ಇದು ನಡೆದಿದೆ, ಗಮನಿಸಿದ್ದರೆ. 2023ರ ನವೆಂಬರಿನಲ್ಲಿ ಹಾರ್ದಿಕ್ ಪಾಂಡ್ಯನನ್ನು 15 ಕೋಟಿ ರೂಪಾಯಿಗೆ ವಾಪಸ್ ಕರೆಸಿಕೊಳ್ಳಲು ಮುಂಬೈಗೆ ಪರ್ಸಿನಲ್ಲಿ ಜಾಗ ಬೇಕಿತ್ತು. 17.5 ಕೋಟಿಯ ಕ್ಯಾಮರೂನ್ ಗ್ರೀನ್‌ನನ್ನು ನಮ್ಮ ಆರ್‌ಸಿಬಿಗೆ ಕಳಿಸಿತು. ಆದರೆ ಅಲ್ಲಿ ಮೈಸೂರ್ ಪಾಕ್ ಇರಲಿಲ್ಲ, ಯಾಕೆಂದರೆ ಗ್ರೀನ್ ಬೇಕಾದ ಆಟಗಾರ, ಹೊರೆ ಅಲ್ಲ. ಐಪಿಎಲ್‌ನಲ್ಲಿ ಡ್ರಾಫ್ಟ್ ಕೂಡ ಇಲ್ಲ, ಕೊಡೋಣ ಅಂದರೂ ಸರದಿ ಅನ್ನುವುದೇ ಇಲ್ಲ.

ಮಾಂಟ್ರಿಯಲ್‌ಗೆ ಏನು ಲಾಭ? ಅವರು ಆಗ ತಂಡವನ್ನು ಬುಡದಿಂದ ಕಟ್ಟುತ್ತಿದ್ದರು. ಗೆಲ್ಲುವ ಅರ್ಜೆಂಟ್ ಇಲ್ಲ, ಬ್ಯಾಗಲ್ಲಿ ಜಾಗ ಮಾಡಿಕೊಳ್ಳಬಲ್ಲರು. ಮಜಾ ನೋಡಿ, ಮಿಕ್ಸಿ ರಿಪೇರಿಯಾಯಿತು. 2023ರಲ್ಲಿ ಮೊನಹನ್ 19.85 ಲಕ್ಷಕ್ಕೆ ಅಲ್ಲೇ ಇನ್ನೊಂದು ವರ್ಷ ಉಳಿದ, ಚೆನ್ನಾಗಿ ಆಡಿದ. 2024ರ ಫೆಬ್ರವರಿಯಲ್ಲಿ ಮಾಂಟ್ರಿಯಲ್ ಅವನನ್ನು ವಿನ್ನಿಪೆಗ್‌ಗೆ ಕೊಟ್ಟು ಇನ್ನೊಂದು ಫಸ್ಟ್ ರೌಂಡ್ ಪಿಕ್ ಪಡೆಯಿತು. ಒಬ್ಬನನ್ನು ಮನೆಗೆ ಸೇರಿಸಿಕೊಳ್ಳುವುದಕ್ಕೆ ಒಂದು, ಕಳಿಸಿಕೊಡುವುದಕ್ಕೆ ಒಂದು!

ಇನ್ನೂ ವಿಚಿತ್ರ ಬೇಕಾದರೆ 2016 ನೋಡಿ. ಡೆಟ್ರಾಯಿಟ್ ಆಟಗಾರ ಪಾವೆಲ್ ದತ್ಸ್ಯೂಕ್ ಎನ್‌ಎಚ್‌ಎಲ್ ಬಿಟ್ಟು ರಷ್ಯಾಕ್ಕೆ ವಾಪಸ್ ಹೊರಟಿದ್ದ. ಕಾಂಟ್ರಾಕ್ಟಿನ ನಿಯಮದಿಂದಾಗಿ ಅವನ 75 ಲಕ್ಷದ ಕ್ಯಾಪ್ ಹಿಟ್ ಮಾತ್ರ ಡೆಟ್ರಾಯಿಟ್ ತಲೆ ಮೇಲೆ ಉಳಿಯಿತು. ಅರಿಜೋನಾ ಆ ಕಾಂಟ್ರಾಕ್ಟನ್ನು ತಗೊಂಡಿತು. ಬದಲಿಗೆ ಡ್ರಾಫ್ಟಿನಲ್ಲಿ 20ರಿಂದ 16ನೇ ಸರದಿಗೆ ಏರಿ ಜೇಕಬ್ ಚಿಕ್ರನ್‌ನನ್ನು ಆರಿಸಿತು. ಒಂದು ದಿನವೂ ಆಡದ ಆಟಗಾರನನ್ನು ಯಾರಾದರೂ ತಗೊಳ್ಳುತ್ತಾರಾ ಅಂದರೆ, ತಗೊಳ್ಳುತ್ತಾರೆ. ಲೀಗಿನಲ್ಲಿ ಮೇಲಿನ ಮಿತಿಯಂತೆ ಕೆಳಗಿನ ಮಿತಿಯೂ ಇದೆ. ಟೀಮಿನ ಸಂಬಳ ಅದಕ್ಕಿಂತ ಕಡಿಮೆ ಆಗಬಾರದು. ಬಡ ಟೀಮಿಗೆ ಇಂಥ ಬರೀ ಕಾಗದದ ಆಟಗಾರನೂ ಉಪಯೋಗವೇ.

ಆಟಗಾರನನ್ನು ಕೊಡುವ ಟೀಮೇ ಅವನ ಸಂಬಳದ ಅರ್ಧದವರೆಗೆ ಹೊತ್ತುಕೊಳ್ಳುವ ಇನ್ನೊಂದು ದಾರಿಯೂ ಇದೆ. 2023ರ ಫೆಬ್ರವರಿಯಲ್ಲಿ ಟೊರಾಂಟೊಗೆ ಹೊರಟ ರಯಾನ್ ಒ'ರೈಲಿಯ 75 ಲಕ್ಷದಲ್ಲಿ ಸೇಂಟ್ ಲೂಯಿಸ್ ಅರ್ಧ ಹೊತ್ತಿತು. ನಡುವೆ ನಿಂತ ಮಿನಸೋಟಾ ಉಳಿದದ್ದರಲ್ಲಿ ಅರ್ಧ ಹೊತ್ತಿತು. ಟೊರಾಂಟೊ ಬ್ಯಾಗಿಗೆ ಬಂದ ತೂಕ 18.75 ಲಕ್ಷ. ನಡುವೆ ನಿಂತದ್ದಕ್ಕೆ ಮಿನಸೋಟಾ ಕೂಲಿ ಒಂದು ನಾಲ್ಕನೇ ಸುತ್ತಿನ ಪಿಕ್. ಟೊರಾಂಟೊ ಆ ವರ್ಷ 2004ರ ನಂತರ ಮೊದಲ ಸಲ ಪ್ಲೇಆಫ್‌ನಲ್ಲಿ ಒಂದು ಸರಣಿ ಗೆದ್ದಿತು. ಬೇಸಿಗೆಯಲ್ಲಿ ಒ'ರೈಲಿ ನ್ಯಾಶ್ವಿಲ್‌ಗೆ ಹೋದ.

ನಿಮ್ಮ ಮಗನ ಪ್ರಪೋಸಲ್‌ಗಳ ಬಗ್ಗೆ ಒಂದು ಮಾತು. ಹುಡುಗರು ಸಾಮಾನ್ಯವಾಗಿ ನಮಗೆ ಬೇಡದ ಮೂವರನ್ನು ಸೇರಿಸಿ ಎದುರಿನವರ ಒಬ್ಬ ಸ್ಟಾರನ್ನು ಕೇಳುತ್ತಾರೆ. ಮೂರು ಹಳೇ ಮಿಕ್ಸಿಗೆ ಒಂದು ಹೊಸ ಫ್ರಿಜ್ ಕೇಳಿದ ಹಾಗೆ. ಎದುರಿನವರ ಬ್ಯಾಗಲ್ಲಿ ಎಷ್ಟು ಜಾಗ ಇದೆ, ಕಾಂಟ್ರಾಕ್ಟ್ ಇನ್ನೆಷ್ಟು ವರ್ಷ ಅಂತ ಮೊದಲು ಕೇಳಿ. ಆಟಗಾರನೇ ಒಪ್ಪಬೇಕಾದ ಷರತ್ತು ಕಾಂಟ್ರಾಕ್ಟಿನಲ್ಲಿದ್ದರೆ ಎಂಥ ಜಾಣ ಪ್ರಪೋಸಲ್ಲೂ ಅಲ್ಲೇ ಸತ್ತಿತು. ಹಳೇ ಬೆಲೆಗಳನ್ನೂ ಸುಮ್ನೆ ನಂಬಬಾರದು. ಕೋವಿಡ್‌ನಿಂದ ಲೀಗಿನ ಆದಾಯ ಬಿದ್ದು, ಮೂರು ಸೀಸನ್ ಕ್ಯಾಪ್ 8.15 ಕೋಟಿಯಲ್ಲೇ ನಿಂತಿತ್ತು. ಆಮೇಲೆ 2022-23ಕ್ಕೆ ಏರಿದ್ದೂ ಬರೀ 10 ಲಕ್ಷ. ಆಗ ಜಾಗಕ್ಕೆ ಚಿನ್ನದ ಬೆಲೆ. ಈಗ ಕ್ಯಾಪ್ ಜೋರಾಗಿ ಏರುತ್ತಿದೆ, ಹಾಗಾಗಿ ಹೊರೆ ಇಳಿಸಲು ಫಸ್ಟ್ ರೌಂಡ್ ಪಿಕ್ ಕೊಡುವುದು ನನ್ನ ಪ್ರಕಾರ ಜಾಸ್ತಿಯೇ ಆಯಿತು.

ಅಂದಹಾಗೆ, ಕ್ಯಾಲ್ಗರಿ ಕೊಟ್ಟ ಆ ಪಿಕ್‌ಗೆ ತಲೆ ತಿರುಗುವಷ್ಟು ಷರತ್ತುಗಳಿದ್ದವು. ಕೊನೆಗೆ ಅದು 2025ಕ್ಕೆ ಬಂದು ನಿಂತಿತು. ಆ ವರ್ಷ ಕ್ಯಾಲ್ಗರಿಗೆ 96 ಪಾಯಿಂಟ್, ಸೇಂಟ್ ಲೂಯಿಸ್‌ಗೂ 96. ಟೈ ಬಿಡಿಸುವ ಲೆಕ್ಕದಲ್ಲಿ ಕ್ಯಾಲ್ಗರಿ ಹೊರಗುಳಿಯಿತು. ಪ್ಲೇಆಫ್ ಕೂದಲೆಳೆಯಲ್ಲಿ ತಪ್ಪಿದ್ದರಿಂದ ಪಿಕ್ 16ನೇ ಸರದಿಗೆ ಏರಿತು. ಆದರೆ ಅದಾಗಲೇ ಮಾಂಟ್ರಿಯಲ್ ಕೈಯಲ್ಲಿತ್ತು. ಮಾಂಟ್ರಿಯಲ್ ಅದನ್ನೂ ತನ್ನ 17ನೇ ಸರದಿಯನ್ನೂ ಒಬ್ಬ ಆಟಗಾರನ ಜೊತೆ ಸೇರಿಸಿ ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಕೊಟ್ಟು, ನೋವಾ ಡಾಬ್ಸನ್ ಅನ್ನುವ ಡಿಫೆನ್ಸ್‌ಮನ್‌ನನ್ನು ಮನೆಗೆ ಕರೆತಂದಿತು.