ಬೆಳಕು ಸೋಲುವಲ್ಲಿ ಬಾಳುವ ಹವಳಗಳು

ಹವಳದ ದಿಬ್ಬ ಎಂದೊಡನೆ ಕಣ್ಣಿಗೆ ಕಟ್ಟುವುದು ತಿಳಿನೀರು, ಅದರೊಳಗೆ ಇಳಿದ ಬಿಸಿಲು, ಬಣ್ಣದ ಮೀನುಗಳು. ಆದರೆ ಅದೇ ದಿಬ್ಬದ ಇಳಿಜಾರನ್ನು ಹಿಡಿದು ಕೆಳಗೆ ಹೋದರೆ, ಹವ್ಯಾಸಿ ಮುಳುಗುಗಾರರು ಹಿಂದಿರುಗಬೇಕಾದ 40 ಮೀಟರ್ ಆಳದಲ್ಲಿಯೂ ಹವಳಗಳ ಬದುಕು ಮುಗಿಯುವುದಿಲ್ಲ. ಸುಮಾರು 30 ಮೀಟರಿನಿಂದ 150 ಮೀಟರಿನವರೆಗಿನ ಈ ಮಂದಬೆಳಕಿನ ಪಟ್ಟಿಯನ್ನು ವಿಜ್ಞಾನಿಗಳು ಮೀಸೋಫೋಟಿಕ್ ವಲಯ ಎಂದು ಕರೆಯುತ್ತಾರೆ. ಸಾಮಾನ್ಯ ಗಾಳಿಯ ಸಿಲಿಂಡರು ಅಲ್ಲಿಗೆ ಸಾಲದು. ಆಳಸಮುದ್ರಕ್ಕಾಗಿ ಕಟ್ಟಿದ ದುಬಾರಿ ಜಲಾಂತರ್ಗಾಮಿಗಳು ಅದನ್ನು ದಾಟಿ ಇನ್ನೂ ಕೆಳಗೆ ಹೋಗುತ್ತಿದ್ದವು. ಹೀಗೆ ಎರಡು ಬಗೆಯ ಅನ್ವೇಷಕರ ನಡುವೆ ಬಹುಕಾಲ ಕಣ್ತಪ್ಪಿ ಉಳಿದ ಈ ಲೋಕ, ಉಸಿರನ್ನು ಮರುಬಳಸುವ ಸಾಧನಗಳೂ ದೂರನಿಯಂತ್ರಿತ ಯಂತ್ರಗಳೂ ಬಂದ ಮೇಲಷ್ಟೇ ಚೆನ್ನಾಗಿ ತೆರೆದುಕೊಂಡಿತು. ಟಹೀಟಿ ದ್ವೀಪದ ಬಳಿ 30ರಿಂದ 65 ಮೀಟರ್ ಆಳದಲ್ಲಿ ಗುಲಾಬಿಯಾಕಾರದ ಹವಳಗಳು ಸುಮಾರು 3 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಸುದ್ದಿ ಲೋಕಕ್ಕೆ ತಿಳಿದದ್ದು 2022ರಲ್ಲಿ.

ಹವಳ ಪ್ರಾಣಿಯೇ ಹೌದು. ಆದರೆ ಅದರ ಅನ್ನದಾತ ಅದರ ಮೈಯೊಳಗೆ ನೆಲೆಸಿರುವ ಏಕಕೋಶ ಪಾಚಿ. ಆ ಪಾಚಿಗೆ ಬೆಳಕು ಬೇಕು. ನೀಲಿಯ ಹೊರತು ಬೇರೆ ಬಣ್ಣ ಹೆಚ್ಚುಕಡಿಮೆ ಇಂಗಿಹೋಗಿರುವ ಆಳದಲ್ಲಿ ಈ ಜೋಡಿ ಬದುಕುವ ಬಗೆಯನ್ನು ನೋಡಿದಷ್ಟೂ ಬೆರಗು ಹೆಚ್ಚುತ್ತದೆ. ಮೇಲಿನ ನೀರಿನಲ್ಲಿ ಕವಲೊಡೆದು ಬೆಳೆಯುವ ಹವಳಗಳ ಜಾಗವನ್ನು ಕೆಳಗೆ ತೆಳುತಟ್ಟೆಗಳಂತೆ ಅಡ್ಡಡ್ಡ ಹರಡುವ ಹವಳಗಳು ಹಿಡಿಯುತ್ತವೆ. ಇದ್ದ ಮೈಯನ್ನೆಲ್ಲ ಬೆಳಕಿಗೆ ಒಡ್ಡಿ, ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ ಬೆಳೆಯುವುದು ಎಲೆಗಳ ಉಪಾಯವೇ. ಕೆಲವು ಹವಳಗಳ ಪ್ರೋಟೀನುಗಳು ನೀಲಿ ಬೆಳಕನ್ನು ಹೀರಿ ಕಿತ್ತಳೆಗೆಂಪಾಗಿ ಹೊರಸೂಸುತ್ತವೆ. ಆ ಬೆಳಕು ಅಂಗಾಂಶದೊಳಕ್ಕೆ ಇನ್ನಷ್ಟು ತೂರಿ ಪಾಚಿಗೆ ನೆರವಾಗುತ್ತದೆ ಎಂಬುದು ಒಂದು ವಿವರಣೆಯಾದರೆ, ಆ ಹೊಳಪು ತೇಲುವ ಸೂಕ್ಷ್ಮಜೀವಿಗಳನ್ನು ಬೇಟೆಗೆ ಸೆಳೆಯುತ್ತದೆ ಎಂಬುದು ಇನ್ನೊಂದು. ಲೆಪ್ಟೊಸೆರಿಸ್ ಎಂಬ ಕುಲದ ಹವಳಗಳಂತೂ ಫ್ರೆಂಚ್ ಪಾಲಿನೇಷ್ಯದಲ್ಲಿ 172 ಮೀಟರ್ ಆಳದಲ್ಲಿ, ಪಾಚಿಯ ಸಹಿತ, ಬದುಕಿರುವುದು ಕಂಡುಬಂದಿದೆ.

ನೀರು ಬಿಸಿಯೇರಿದಾಗ ಈ ಸಹಜೀವನ ಮುರಿಯುತ್ತದೆ. ಹವಳ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ, ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. 1998ರಿಂದ ಮತ್ತೆ ಮತ್ತೆ ಜಗತ್ತನ್ನು ಆವರಿಸಿದ ಬಿಳಿಚುವಿಕೆಗಳ ನಡುವೆ ಒಂದು ಆಸೆಯೂ ಬಲವಾಯಿತು. ಆಳದ ನೀರು ತಂಪು, ಬಿರುಗಾಳಿಯ ಅಲೆಗಳಿಂದ ದೂರ. ಮೇಲಿನ ಹವಳಗಳು ಸತ್ತರೂ ಕೆಳಗಿನವು ಉಳಿದು, ಅವುಗಳ ಮರಿಗಳು ಮೇಲೇರಿ ಪಾಳುಬಿದ್ದ ದಿಬ್ಬವನ್ನು ಮತ್ತೆ ತುಂಬಬಹುದಲ್ಲವೇ?

ಈ ಆಸೆಯನ್ನು ನಾವು ಅಳತೆ ಮೀರಿ ನಂಬಿದ್ದೇವೆ ಎಂದು ನನಗೆ ಅನಿಸುತ್ತದೆ. ಬರ್ಮುಡಾದಲ್ಲಿ ಎರಡು ಹವಳ ಪ್ರಭೇದಗಳ ತಳಿಗುಣಗಳನ್ನು ಹೋಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಪ್ರಭೇದದ ಮೇಲಿನ ಮತ್ತು ಆಳದ ಗುಂಪುಗಳು ಬೇರೆಬೇರೆಯಾಗಿ ಕವಲೊಡೆದಿದ್ದವು. ಇನ್ನೊಂದರಲ್ಲಿ ಮಾತ್ರ ಮೇಲಿನ ಮತ್ತು ಆಳದ ಗುಂಪುಗಳ ನಡುವೆ ತಳಿಗುಣಗಳ ಕೊಡುಕೊಳ್ಳುವಿಕೆ ಮುಕ್ತವಾಗಿತ್ತು. ಮೀನುವಿಜ್ಞಾನಿ ಲೂಯಿಸ್ ರೋಷಾ ಮತ್ತು ಸಂಗಡಿಗರು 2018ರಲ್ಲಿ ತೋರಿಸಿಕೊಟ್ಟಂತೆ, ಆಳದ ದಿಬ್ಬದ ಮೀನುಗಳೂ ಹವಳಗಳೂ ಮೇಲಿನವುಗಳ ನಕಲಲ್ಲ, ಬಹುಮಟ್ಟಿಗೆ ಬೇರೆಯದೇ ಸಮುದಾಯ. ತಂಪು ಕೂಡ ಶಾಶ್ವತವಲ್ಲ. 2019ರ ನವೆಂಬರಿನಲ್ಲಿ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಸ್ತೋಮದಲ್ಲಿ ಬೆಚ್ಚನೆಯ ಮೇಲ್ಪದರ ಆಳಕ್ಕೆ ಜಾರಿ, ಅಲ್ಲಿನ ತಾಪ 22ರಿಂದ 29 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ 90 ಮೀಟರ್ ಆಳದ ಹವಳಗಳೂ ಬಿಳಿಚಿದವು. ವಿಚಿತ್ರವೆಂದರೆ ಆ ಹೊತ್ತಿನಲ್ಲಿ ಮೇಲಿನ ಹವಳಗಳಿಗೆ ಏನೂ ಆಗಿರಲಿಲ್ಲ. ಮುಂದೆ ಅದೇ ಜಾಗಕ್ಕೆ ಮರಳಿದವರು ಆಳದ ದಿಬ್ಬದ ಬಹುಭಾಗ ಚೇತರಿಸಿಕೊಂಡಿದ್ದನ್ನು ಕಂಡರು.

ಕಷ್ಟದ ಅಂಚಿನಲ್ಲಿ ಬದುಕುವ ಹವಳಗಳು ಆಳದಲ್ಲಷ್ಟೇ ಇಲ್ಲ. ಸಿಂಗಾಪುರದ ಸುತ್ತಲಿನ ಹೂಳುನೀರಿನಲ್ಲಿ ಬೆಳಕು ಎಷ್ಟು ಬೇಗ ಕರಗುತ್ತದೆಯೆಂದರೆ, ಬೇರೆಡೆ ಹತ್ತಾರು ಮೀಟರ್ ಕೆಳಗೆ ಸಿಗುವ ಮಬ್ಬು ಅಲ್ಲಿ ಕೆಲವೇ ಮೀಟರುಗಳಲ್ಲಿ ಎದುರಾಗುತ್ತದೆ, ತಟ್ಟೆಯಾಕಾರದ ಹವಳಗಳೂ ಅಲ್ಲೇ ಸಿಗುತ್ತವೆ. ಪರ್ಷಿಯನ್ ಕೊಲ್ಲಿಯ ಹವಳಗಳು ಬೇಸಿಗೆಯಲ್ಲಿ 35 ಡಿಗ್ರಿಯ ಸಮೀಪದ, ವಿಪರೀತ ಉಪ್ಪಿನ ನೀರನ್ನು ತಾಳಿಕೊಳ್ಳುತ್ತವೆ. ಆದರೂ 2017ರ ಬಿಸಿಯಲ್ಲಿ ಅವು ಭಾರಿ ಸಂಖ್ಯೆಯಲ್ಲಿ ಸತ್ತವು, ಏಕೆಂದರೆ ಅವು ತಮ್ಮ ಸಹನೆಯ ಕೊನೆಯ ಗೆರೆಯ ಮೇಲೆಯೇ ಬದುಕುತ್ತಿವೆ. ಕೆಂಪು ಸಮುದ್ರದ ಉತ್ತರ ತುದಿಯ ಅಕಾಬಾ ಕೊಲ್ಲಿಯ ಕಥೆ ಬೇರೆ. ಹಿಮಯುಗದ ನಂತರ ದಕ್ಷಿಣದ ಕಾದ ಜಲಸಂಧಿಯನ್ನು ಹಾದು ಬಂದ ಹವಳಗಳ ಸಂತತಿಯೇ ಅಲ್ಲಿನದು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ತಾಪ ತಾಳುವ ಗುಣವನ್ನು ಉಳಿಸಿಕೊಂಡು ತಂಪಾದ ನೀರಿನಲ್ಲಿ ನೆಲೆಸಿದ್ದರಿಂದ ಅವು ದಶಕಗಳ ಕಾಲ ಸಾಮೂಹಿಕ ಬಿಳಿಚುವಿಕೆಯಿಂದ ಪಾರಾಗಿದ್ದವು. ಕಷ್ಟ ಕಂಡ ಹವಳವೆಲ್ಲ ಗಟ್ಟಿಯೆಂಬುದು ಪೂರ್ತಿ ನಿಜವಲ್ಲ. ಅದರ ಸಹನೆಯ ಗೆರೆಗೂ ಇಂದಿನ ನೀರಿಗೂ ನಡುವೆ ಎಷ್ಟು ಅಂತರ ಉಳಿದಿದೆ ಎಂಬುದು ಮುಖ್ಯ.

ಆಳದ ದಿಬ್ಬಗಳಿಗೆ ಇನ್ನೊಂದು ತೊಡಕಿದೆ. ಅವು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಲಂಗರು, ಎಳೆಬಲೆ, ಮೀನುಗಾಳದ ದಾರಗಳು ಅಲ್ಲಿ ಮಾಡುವ ಗಾಯವೂ ಕಾಣುವುದಿಲ್ಲ. ಬೆಳಕು ಕಡಿಮೆಯಾದಂತೆ ಬೆಳವಣಿಗೆಯೂ ನಿಧಾನ. ಬೆಳಕೇ ತಲುಪದ ಇನ್ನೂ ಆಳದಲ್ಲಿ, ಹವಾಯಿಯ ಬಳಿ, ಮರದಂತೆ ಕವಲೊಡೆದ ಒಂದು ಕಪ್ಪುಹವಳದ ವಯಸ್ಸು ರೇಡಿಯೋಕಾರ್ಬನ್ ಲೆಕ್ಕದಲ್ಲಿ 4,000 ವರ್ಷಗಳನ್ನು ಮೀರಿತ್ತು. ಅಂಥದ್ದೊಂದನ್ನು ಮುರಿಯಲು ಬಲೆಯ ಒಂದು ಎಳೆತ ಸಾಕು.